ಗಾಲಿ ಹೊಳೆಯಲು ಎಷ್ಟು ಕೊಡ ನೀರು?



ಹಬ್ಬದ ಹಿಂದಿನ ದಿನ ನಮ್ಮ ಊರುಗಳ ವಾಟರ್ ಸರ್ವಿಸ್ ಅಂಗಡಿ ಮುಂದೆ ಕಾರು, ಬೈಕು ಸಾಲುಗಟ್ಟುವುದು ನಿಮಗೆ ಗೊತ್ತು. ಅದರ ಮೇಲೆ ನನಗೆ ಸಿಟ್ಟಿಲ್ಲ. ಕಂತು ಕಟ್ಟಿ ತಂದ ಗಾಡಿಯನ್ನು ಚೆನ್ನಾಗಿ ಇಟ್ಟುಕೊಳ್ಳುವುದು ತಪ್ಪೇನಲ್ಲ. 2019ರಲ್ಲಿ ಪೆನುಕೊಂಡದ ಹತ್ತಿರ ಕಿಯಾ ಕಾರ್ಖಾನೆಯಿಂದ ಗಾಡಿಗಳು ಹೊರಬರತೊಡಗಿದ ಮೇಲಂತೂ ಮಡಕಶಿರದ ಕಡೆಯ ಹುಡುಗರಿಗೆ ಕಾರು ದೂರದ ಮಾತಾಗಿ ಉಳಿದಿಲ್ಲ. ಹೊರಗೆ ಹೊಳಪು, ಒಳಗೆ ಕೊಳಕು ಅಂತ ಉಪದೇಶ ಮಾಡುವುದು ಸುಲಭ. ಅದನ್ನು ಗುರುಗಳಿಗೇ ಬಿಡೋಣ. ನನ್ನ ತಕರಾರು ನಾವು ಹೊಳಪು ತರುವ ರೀತಿಯ ಮೇಲೆ. ಆ ರೀತಿ ಗಾಡಿಗೂ ಒಳ್ಳೆಯದಲ್ಲ, ತೊಳೆಯುವ ಹುಡುಗನಿಗೂ ಅಲ್ಲ, ಊರಿನ ನೀರಿಗೂ ಅಲ್ಲ.

ಮೊದಲು ಬಣ್ಣದ ವಿಷಯ. ಕಾರಿನ ಮೇಲಿರುವ ಬಣ್ಣದ ಪದರಗಳೆಲ್ಲ ಸೇರಿದರೂ ನೋಟುಪುಸ್ತಕದ ಒಂದೆರಡು ಹಾಳೆಯಷ್ಟೇ ದಪ್ಪ. ಹೊಳಪು ಕೊಡುವ ಮೇಲಿನ ಪಾರದರ್ಶಕ ಪದರ ಅದರಲ್ಲಿ ಒಂದು ಪಾಲು ಮಾತ್ರ. ರಾಯದುರ್ಗದ ಧೂಳು ಬರೀ ಮಣ್ಣಲ್ಲ. ಬೊಮ್ಮನಹಾಳ್ ಮಂಡಲದ ದರ್ಗಾ ಹೊನ್ನೂರಿನ ಕಡೆ ಹಗರಿಯ ಮರಳು ಗಾಳಿಗೆ ಹಾರಿ ಹೊಲದ ಮೇಲೆ ದಿಬ್ಬ ಕಟ್ಟಿದೆ, ನೋಡಿದ್ದೀರಲ್ಲ? ಅಂಥ ಮರಳು ಕಾರಿನ ಬಾನೆಟ್ ಮೇಲೂ ಕೂರುತ್ತದೆ. ಅದನ್ನು ಒಣಬಟ್ಟೆಯಿಂದ ಉಜ್ಜುವುದೂ ಉಪ್ಪುಕಾಗದದಿಂದ ಉಜ್ಜುವುದೂ ಹೆಚ್ಚು ಕಡಿಮೆ ಒಂದೇ. ಜೀನ್ಸ್ ಹೊಲಿಯುವ ಊರಲ್ಲಿ ಚೂರುಬಟ್ಟೆಗೇನು ಬರ? ಆದರೆ ಜೀನ್ಸ್ ಒರಟು ಬಟ್ಟೆ, ಬಣ್ಣಕ್ಕೆ ಬೇಡ. ಹಳೆಯ ಬನಿಯನ್ ಬಟ್ಟೆ ಅದಕ್ಕಿಂತ ಮೇಲು, ಮೈಕ್ರೋಫೈಬರ್ ಬಟ್ಟೆಯಾದರೆ ಇನ್ನೂ ಒಳ್ಳೆಯದು.

ಇನ್ನು ಕ್ರೋಮು. ಗಟ್ಟಿ ಲೋಹ ಅಂತ ನಾವು ಅಂದುಕೊಂಡಿರುವುದು ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತಲೂ ತೆಳುವಾದ ಲೇಪ. ಅದರ ಕೆಳಗೆ ನಿಕ್ಕಲ್, ಅದರ ಕೆಳಗೆ ಉಕ್ಕು. ಕ್ರೋಮು ತುಕ್ಕು ಹಿಡಿಯುವುದಿಲ್ಲ. ಕಣ್ಣಿಗೆ ಕಾಣದ ತೂತುಗಳಲ್ಲಿ ನೀರಿಳಿದು ಕೆಳಗಿನ ಉಕ್ಕಿಗೆ ತುಕ್ಕು ಹತ್ತುತ್ತದೆ. ಬೈಕಿನ ಮಡ್‌ಗಾರ್ಡ್ ಮೇಲೆ ಅಂಥ ಕಂದು ಚುಕ್ಕೆ ಕಂಡರೆ, ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ಮುದುಡಿ, ನೀರಲ್ಲಿ ಅದ್ದಿ ಮೆಲ್ಲಗೆ ತಿಕ್ಕಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗಿರುವುದರಿಂದ ಗೀರು ಬೀಳುವ ಭಯ ಕಡಿಮೆ. ಆಮೇಲೆ ಒರೆಸಿ ಸ್ವಲ್ಪ ಮೇಣ ಹಚ್ಚಿದರೆ ಸಾಕು. ಕಾರಿನ ಅಲಾಯ್ ಗಾಲಿಗಳಲ್ಲಿ ಹೆಚ್ಚಿನವು ಕ್ರೋಮೇ ಅಲ್ಲ, ಬಣ್ಣ ಹೊಡೆದ ಅಲ್ಯೂಮಿನಿಯಂ. ಅವಕ್ಕೆ ಈ ವಿದ್ಯೆ ಬೇಡ, ಶಾಂಪೂ ನೀರೇ ಸಾಕು.

ನನಗೆ ನಿಜವಾಗಿ ಸಂಕಟವಾಗುವುದು ಗಾಲಿ ಬೆಳ್ಳಗಾಗಲೆಂದು ಆ್ಯಸಿಡ್ ಎರಚುವುದನ್ನು ಕಂಡಾಗ. ಐದು ನಿಮಿಷದಲ್ಲಿ ಗಾಲಿ ಮಿಂಚುತ್ತದೆ, ಕೆಲವು ತಿಂಗಳಲ್ಲಿ ಮಂಕಾಗುತ್ತದೆ. ಗಾಲಿ ಹೋದರೆ ಹೋಗಲಿ. ಬರಿಗೈಯಲ್ಲಿ ಬ್ರಷ್ ಹಿಡಿದು ಕೂತ ಹುಡುಗನ ಗತಿ ಏನು? ಗಾಲಿ ತೊಳೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಅದು ಚರ್ಮದೊಳಗೆ ಇಳಿದು ಮೂಳೆಯ ತನಕ ಹೋಗಬಲ್ಲದು. ನೋವು ಗಂಟೆಗಳ ನಂತರ ಶುರುವಾಗುವುದೂ ಉಂಟು. ಆ ಹುಡುಗ ನಮ್ಮ ಯುವಕೂಟದವನೇ ಇರಬಹುದು, ಅವನ ತಮ್ಮ ಇರಬಹುದು. “ಅಂಗಡಿಯವನ ಹೊಟ್ಟೆ ಮೇಲೆ ಹೊಡೀಬೇಡಿ ಅಣ್ಣ” ಅನ್ನುವವರಿದ್ದಾರೆ. ಹೊಡೆಯುವುದು ಬೇಡ. ಗಾಡಿ ಬಿಡುವ ಮುಂಚೆ “ಆ ಮಗ್ಗಿನಲ್ಲಿ ಏನಿದೆ? ಹುಡುಗನ ಕೈಗೆ ಗ್ಲೌಸ್ ಎಲ್ಲಿ?” ಅಂತ ಕೇಳಿ. ದುಡ್ಡು ಕೊಡುವವರು ಕೇಳಿದರೆ ಅಂಗಡಿಯವರು ಕಿವಿಗೊಡುತ್ತಾರೆ.

ನೀರಿನ ಲೆಕ್ಕ ಹೇಳಿಬಿಡುತ್ತೇನೆ. 2022ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಆದರೆ ಜಿಲ್ಲೆ ಬದಲಾದರೆ ಮೋಡ ಬದಲಾಗುವುದಿಲ್ಲ. ಹಳೆಯ ಅನಂತಪುರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರು. ಪೈಪು ಹತ್ತು ನಿಮಿಷ ಹರಿದರೆ ಸುಲಭವಾಗಿ 100 ಲೀಟರು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂದಿತು. ಕಾವೇರಿ ನೀರು ಕುಡಿಯುವ ನಗರವೇ ಹಾಗೆ ಹೇಳಿದ ಮೇಲೆ, ನಾವು ಬೋರ್‌ವೆಲ್ ಪೈಪನ್ನು ಬಾನೆಟ್ ಮೇಲೆ ಬಿಟ್ಟು ಫೋನಿನಲ್ಲಿ ಮಾತಾಡುತ್ತಾ ನಿಲ್ಲುವುದೆಂದರೆ!

ಅಷ್ಟು ನೀರು ಸುರಿದರೂ ಹೊಳಪಿಗೆ ಲಾಭವಿಲ್ಲ. ನಮ್ಮ ಬೋರ್‌ವೆಲ್ ನೀರು ಗಡಸು. ಬಿಸಿಲಲ್ಲಿ ಕಾದ ತಗಡಿನ ಮೇಲೆ ಅದು ಆರಿದರೆ ಸುಣ್ಣದಂಶ ಬಿಳಿ ಚುಕ್ಕೆಯಾಗಿ ಕೂತುಬಿಡುತ್ತದೆ. ಅನ್ನ ಮಾಡುವ ಪಾತ್ರೆಯ ತಳದಲ್ಲಿ ಅಮ್ಮ ತಿಕ್ಕುವ ಬಿಳಿ ಪದರವೂ ಅದೇ.

ಎರಡು ಬಕೆಟ್ ಸಾಕು: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಬೆಳಗಿನ ತಂಪಿನಲ್ಲಿ, ನೆರಳಲ್ಲಿ, ಮೊದಲು ಒಂದು ಮಗ್ಗು ನೀರು ಸುರಿದು ಮರಳು ಇಳಿಸಿ, ಮೇಲಿನಿಂದ ಕೆಳಕ್ಕೆ ಒರೆಸಿ, ಗಾಲಿಯನ್ನು ಕೊನೆಗೆ ಬೇರೆ ಬಟ್ಟೆಯಿಂದ ತೊಳೆಯಿರಿ. ನೀರು ಆರುವ ಮುಂಚೆ ಒಣಬಟ್ಟೆ ಆಡಿಸಿ. ಪಾತ್ರೆ ಸೋಪು ಮೇಣವನ್ನು ತೆಗೆದುಬಿಡುತ್ತದೆ, ಡೀಸೆಲ್ ಒರೆಸಿದರೆ ಧೂಳು ಅಂಟುತ್ತದೆ, ಎರಡೂ ಬೇಡ.

ಯುವಕೂಟಕ್ಕೆ ಒಂದು ಸಲಹೆ. ಈ ಸಲ ಹಬ್ಬಕ್ಕೆ ಮುಂಚಿನ ಶನಿವಾರ ದೇವಾಲಯದ ಅಂಗಳದಲ್ಲಿ ನಾವೇ ಗಾಡಿ ತೊಳೆಯೋಣ, ಗಾಡಿಗೆ ಎರಡೇ ಬಕೆಟ್. ಬಂದ ದುಡ್ಡಲ್ಲಿ ಮೊದಲು ವಾಟರ್ ಸರ್ವಿಸ್ ಹುಡುಗರಿಗೆ ರಬ್ಬರ್ ಗ್ಲೌಸ್ ಕೊಳ್ಳೋಣ. ಬಕೆಟ್ ನಾನು ತರುತ್ತೇನೆ, ಹಳೆಯ ಬನಿಯನ್ ನೀವು ತನ್ನಿ.