ಒಂದೇ ಮೂಲೆಯ ಮಣ್ಣು, ಒಂದೇ ವಾಹಿನಿಯ ಸುದ್ದಿ



ಮಣ್ಣು ಪರೀಕ್ಷೆಗೆ ಗದ್ದೆಯ ಒಂದೇ ಮೂಲೆಯ ಮಣ್ಣು ತಂದರೆ ನಾವು ಒಪ್ಪುವುದಿಲ್ಲ. ಹಲವು ಕಡೆ ತೆಗೆದು ಬೆರೆಸಿ ತನ್ನಿ ಎನ್ನುತ್ತೇವೆ. ಟಿ.ವಿ. ಸುದ್ದಿಗೂ ಇದೇ ನಿಯಮ ಅನ್ವಯಿಸುತ್ತದೆ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದು ನಿಮಗೆಲ್ಲ ನೆನಪಿದೆ. ಕೇರಳದ ಲಾರಿ ಚಾಲಕರೊಬ್ಬರು ಕಾಣೆಯಾದರು. ಮಲಯಾಳಂ ವಾಹಿನಿಗಳು ಬಂದು ಬೀಡುಬಿಟ್ಟವು. ಲಾರಿ ರಸ್ತೆಯ ಮಣ್ಣಿನಡಿಯಲ್ಲೇ ಇದೆ ಎಂಬ ಊಹೆ ದಿನಗಟ್ಟಲೆ ಸುದ್ದಿಯಾಗಿ ಓಡಿತು. ಕೊನೆಗೆ ಲಾರಿಯೂ ಶವವೂ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಗಂಗಾವಳಿ ನದಿಯಲ್ಲಿ.

ಶೋಧ ಅಷ್ಟು ದಿನ ನಡೆಯಲು ಆ ವಾಹಿನಿಗಳ ಒತ್ತಡವೂ ಕಾರಣ, ಅದನ್ನು ಮರೆಯಬಾರದು. ಆದರೆ ಅದೇ ಮಣ್ಣು ನದಿಗೆ ಬಿದ್ದು, ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು, ಜೀವವನ್ನೂ ತೆಗೆಯಿತು. ಆ ಊರು ತೆರೆಯ ಮೇಲೆ ಕಂಡದ್ದು ಕಡಿಮೆ. ಸುಳ್ಳು ಹೇಳದೆಯೂ ಸುದ್ದಿ ಒಂದು ಬದಿಗೆ ವಾಲುವುದು ಹೀಗೆ: ಕ್ಯಾಮೆರಾ ನಿಂತ ದಡವಷ್ಟೇ ನಮಗೆ ಕಾಣುತ್ತದೆ.

ಆದ್ದರಿಂದ ನಂಬುವ ಮೊದಲು ಮೂರು ಪ್ರಶ್ನೆ ಕೇಳಿ. ಕಣ್ಣಾರೆ ಕಂಡವರು ಯಾರು? ಚಿತ್ರ ಯಾವ ದಿನದ್ದು? ಹೇಳುತ್ತಿರುವುದು ವರದಿಯೋ, ಊಹೆಯೋ? ಬಳಿಕ ವಾಚನಾಲಯದಲ್ಲಿ ಎರಡು ಪತ್ರಿಕೆಗಳನ್ನು ಎದುರುಬದುರು ಇಟ್ಟು ಓದಿ. ಕಾರವಾರ ಆಕಾಶವಾಣಿಯನ್ನೂ ಕೇಳಿ.

ಇನ್ನೊಂದು ಮಾತು. ಮಳೆಗಾಲದಲ್ಲಿ ಗುಡ್ಡದ ಬುಡದಲ್ಲಿರುವವರು ಟಿ.ವಿ. ಹೇಳಲಿ ಎಂದು ಕಾಯಬೇಡಿ. ಗುಡ್ಡದಲ್ಲಿ ಬಿರುಕು ಕಂಡರೆ, ಒರತೆಯ ನೀರು ಕೆಂಪಾದರೆ, ಮೊದಲು ಮನೆಮಂದಿಯನ್ನು ದೂರ ಸಾಗಿಸಿ. ಕೂಡಲೇ ತಹಶೀಲ್ದಾರರ ಕಚೇರಿಗೆ ತಿಳಿಸಿ.