ಏರಿಳಿತದ ಪೇಟೆ, ಶ್ರಾವಕನ ಪರಿಮಾಣ

2024ರ ಜೂನ್ 3, ಸೋಮವಾರ. ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಪ್ರಕಟವಾದ ನಂತರ ಷೇರುಪೇಟೆ ತೆರೆದ ಮೊದಲ ದಿನ. ಅಂದು ಸೆನ್ಸೆಕ್ಸ್ 2,507 ಅಂಶ ಏರಿತು. ಮರುದಿನ ಮತ ಎಣಿಕೆ. ಸೂಚ್ಯಂಕ 4,389 ಅಂಶ ಕುಸಿಯಿತು. ಬುಧವಾರ 2,303 ಅಂಶ ಮೇಲೆದ್ದಿತು. ಶುಕ್ರವಾರ ಸಂಜೆಯ ಹೊತ್ತಿಗೆ ಸೋಮವಾರದ ಮಟ್ಟವನ್ನೂ ದಾಟಿ 76,600ಕ್ಕಿಂತ ಮೇಲೆ ನಿಂತಿತ್ತು. ಈ ಐದು ದಿನಗಳಲ್ಲಿ ದೇಶದ ಯಾವ ಕಾರ್ಖಾನೆ ನೆಲಕ್ಕುರುಳಿ ಮತ್ತೆ ಎದ್ದಿತು? ಯಾವ ಗದ್ದೆ ಒಣಗಿ ಮತ್ತೆ ಹಸುರಾಯಿತು? ಉರುಳಿದ್ದೂ ಎದ್ದದ್ದೂ ಜನರ ನಿರೀಕ್ಷೆ ಮಾತ್ರ. ಆದರೆ ಮಂಗಳವಾರ ಭಯದಿಂದ ಮಾರಿದವನ ನಷ್ಟ ನಿಜವಾದದ್ದು. ಅದು ಶುಕ್ರವಾರ ಮರಳಿ ಬರಲಿಲ್ಲ.

ಅರ್ಥಶಾಸ್ತ್ರಜ್ಞರಲ್ಲಿ ಈ ವಿಷಯವಾಗಿ ಹಳೆಯ ವಾದವೊಂದಿದೆ. ಅಮೆರಿಕದ ಯೂಜಿನ್ ಫಾಮಾ 1970ರಲ್ಲಿ ದಕ್ಷ ಪೇಟೆಯ ಸಿದ್ಧಾಂತವನ್ನು ವಿಶದವಾಗಿ ನಿರೂಪಿಸಿದರು. ಒಂದು ಷೇರಿನ ಕುರಿತು ತಿಳಿಯಬಹುದಾದ ಸಂಗತಿಗಳೆಲ್ಲ ಅದರ ಬೆಲೆಯಲ್ಲಿ ಆಗಲೇ ಅಡಗಿರುತ್ತವೆ, ಆದ್ದರಿಂದ ಪೇಟೆಯನ್ನು ಸತತವಾಗಿ ಮೀರಿಸುವುದು ಯಾರಿಗೂ ಸುಲಭವಲ್ಲ ಎಂಬುದು ಅದರ ತಿರುಳು. 1981ರಲ್ಲಿ ರಾಬರ್ಟ್ ಶಿಲ್ಲರ್ ಬೇರೆಯೇ ಲೆಕ್ಕ ಮುಂದಿಟ್ಟರು. ಕಂಪನಿಗಳು ಕಾಲಾನಂತರದಲ್ಲಿ ಕೊಟ್ಟ ಲಾಭಾಂಶದ ಏರುಪೇರಿಗೆ ಹೋಲಿಸಿದರೆ ಷೇರು ಬೆಲೆಗಳ ಏರುಪೇರು ವಿಪರೀತವಾದದ್ದು ಎಂದು ತೋರಿಸಿದರು. 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಇವರಿಬ್ಬರಿಗೂ, ಜೊತೆಗೆ ಲಾರ್ಸ್ ಪೀಟರ್ ಹ್ಯಾನ್ಸನ್ ಅವರಿಗೂ ಒಟ್ಟಿಗೇ ಸಂದಿತು. ಇದನ್ನು ಕೆಲವರು ವಿನೋದವೆಂದು ಬಗೆದರು. ಅನೇಕಾಂತವನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಆದರೆ ಒಂದು ಎಚ್ಚರ ಬೇಕು. ಇಬ್ಬರೂ ಸರಿ ಎಂದು ತಲೆಯಾಡಿಸುವುದು ಅನೇಕಾಂತವಲ್ಲ. ಯಾವ ನಯದಿಂದ, ಯಾವ ಅಪೇಕ್ಷೆಯಿಂದ ಈ ಮಾತು ನಿಲ್ಲುತ್ತದೆ ಎಂದು ಕೇಳುವುದು ಅನೇಕಾಂತ. ಸುದ್ದಿಯನ್ನು ಬೆಲೆಯೊಳಗೆ ಸೇರಿಸಿಕೊಳ್ಳುವ ವೇಗದ ದೃಷ್ಟಿಯಿಂದ ಪೇಟೆ ದಕ್ಷವಿರಬಹುದು. ವಸ್ತುವಿನ ನಿಜಮೌಲ್ಯವನ್ನು ಅಳೆಯುವ ದೃಷ್ಟಿಯಿಂದ ಅದು ಆಗಾಗ ದಾರಿ ತಪ್ಪಬಹುದು.

ನಮ್ಮಂತಹ ಬೆಳೆಯುತ್ತಿರುವ ಅರ್ಥವ್ಯವಸ್ಥೆಯಲ್ಲಿ ದಾರಿ ತಪ್ಪುವ ಸಂದರ್ಭಗಳು ಹೆಚ್ಚು. 2024ರ ಅಕ್ಟೋಬರ್ ಒಂದೇ ತಿಂಗಳಲ್ಲಿ ವಿದೇಶಿ ಹೂಡಿಕೆದಾರರು ನಮ್ಮ ಷೇರುಗಳಿಂದ ಸುಮಾರು 94 ಸಾವಿರ ಕೋಟಿ ರೂಪಾಯಿ ಹಿಂತೆಗೆದರು. ಅದೇ ತಿಂಗಳು ಮ್ಯೂಚುವಲ್ ಫಂಡ್‌ಗಳಿಗೆ ಮಾಸಿಕ ಕಂತಿನ ಮೂಲಕ ನಮ್ಮ ಮಧ್ಯಮ ವರ್ಗದವರು ಹಾಕಿದ ಹಣ 25 ಸಾವಿರ ಕೋಟಿ ದಾಟಿತು. ದೂರದ ದೇಶದ ಬಡ್ಡಿದರಕ್ಕೂ ನಮ್ಮೂರಿನ ನಿವೃತ್ತ ಗುಮಾಸ್ತರ ಉಳಿತಾಯಕ್ಕೂ ಹೀಗೆ ನಂಟು ಬೆಳೆದಿದೆ.

ದಕ್ಷತೆಯ ಸಿದ್ಧಾಂತದ ಬುಡದಲ್ಲಿ ಒಂದು ನಂಬಿಕೆಯಿದೆ: ಪೇಟೆಗೆ ಬರುವ ಮಾಹಿತಿ ಸತ್ಯವಾದದ್ದು, ಮತ್ತು ಅದು ಎಲ್ಲರಿಗೂ ಏಕಕಾಲಕ್ಕೆ ತಲುಪುತ್ತದೆ. ಇಲ್ಲಿಯೇ ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ನೆನಪಾಗುತ್ತದೆ. ಸತ್ಯಾಣುವ್ರತಕ್ಕೆ ಅಲ್ಲಿ ಐದು ಅತಿಚಾರಗಳನ್ನು ಹೇಳಿದೆ. ಮಿಥ್ಯೋಪದೇಶ ಎಂದರೆ ಸುಳ್ಳು ಬೋಧನೆ. ಈ ಷೇರು ಕೊಳ್ಳಿ, ತಿಂಗಳಲ್ಲಿ ದುಪ್ಪಟ್ಟಾಗುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಡುವ ಸಲಹೆಗೆ ಇದಕ್ಕಿಂತ ತಕ್ಕ ಹೆಸರು ನನಗೆ ತಿಳಿಯದು. ಕೂಟಲೇಖಕ್ರಿಯೆ ಎಂದರೆ ಸುಳ್ಳು ಬರಹ, ಸುಳ್ಳು ಲೆಕ್ಕಪತ್ರ. ಸಾಕಾರಮಂತ್ರಭೇದವೆಂದರೆ ಇಂಗಿತದಿಂದ ಇನ್ನೊಬ್ಬರ ಗುಟ್ಟರಿತು ಅದನ್ನು ಹೊರಗೆಡಹುವುದು. ಇಂದು ಇನ್‌ಸೈಡರ್ ಟ್ರೇಡಿಂಗ್ ಎಂದು ಕಾನೂನು ನಿಷೇಧಿಸಿರುವುದು ಅದರ ಹತ್ತಿರದ ನಂಟ.

ಕೂಟಲೇಖದ ಫಲವನ್ನು ದೇಶ ಕಣ್ಣಾರೆ ಕಂಡಿದೆ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷ ರಾಮಲಿಂಗರಾಜು, ಲೆಕ್ಕದಲ್ಲಿ ತೋರಿಸಿದ ನಗದಿನಲ್ಲಿ ಐದು ಸಾವಿರ ಕೋಟಿಗೂ ಹೆಚ್ಚು ಹಣ ಇಲ್ಲವೇ ಇಲ್ಲ ಎಂದು ಪತ್ರ ಬರೆದು ಒಪ್ಪಿಕೊಂಡರು. ಸುಮಾರು 179 ರೂಪಾಯಿ ಇದ್ದ ಷೇರು ಅಂದೇ 40 ರೂಪಾಯಿಯ ಆಸುಪಾಸಿಗೆ ಬಿತ್ತು. ಸಂಸ್ಥೆಯ ಹೆಸರೇ ಸತ್ಯಂ! ಹಿಂದಿನ ದಿನದವರೆಗೂ ಪೇಟೆ ತನಗೆ ತಿಳಿದದ್ದನ್ನೆಲ್ಲ ಬೆಲೆಯಲ್ಲಿ ಸೇರಿಸಿಯೇ ಇತ್ತು, ತಿಳಿದದ್ದೇ ಸುಳ್ಳಾಗಿತ್ತು. ಲೆಕ್ಕ ಬರೆಯುವವನ ಅಣುವ್ರತ ಸಡಿಲವಾದರೆ ಎಷ್ಟು ವೇಗದ ಗಣಕಯಂತ್ರವೂ ಪೇಟೆಯನ್ನು ದಕ್ಷಗೊಳಿಸಲಾರದು.

ಈ ಪೇಟೆಯ ಇತಿಹಾಸದ ಮೊದಲ ಪುಟಗಳಲ್ಲಿಯೇ ಒಬ್ಬ ಜೈನ ಶ್ರಾವಕರಿದ್ದಾರೆ ಎಂಬುದು ಅನೇಕರಿಗೆ ತಿಳಿದಿರಲಾರದು. ಸೂರತ್ ಮೂಲದ ಪ್ರೇಮಚಂದ ರಾಯಚಂದರು ಹತ್ತಿ ವ್ಯಾಪಾರದಿಂದ, ಷೇರು ದಲ್ಲಾಳಿತನದಿಂದ ಹತ್ತೊಂಬತ್ತನೆಯ ಶತಮಾನದ ಮುಂಬೈಯ ಅಗ್ರಗಣ್ಯ ಸಿರಿವಂತರಾದರು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತು ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. ಆ ಹಣವೆಲ್ಲ ಹೊಸ ಬ್ಯಾಂಕು, ಸಮುದ್ರವನ್ನು ತುಂಬಿಸಿ ನೆಲ ಮಾಡುವ ಕಂಪನಿಗಳ ಷೇರುಗಳಿಗೆ ಹರಿಯಿತು. 1865ರಲ್ಲಿ ಯುದ್ಧ ಮುಗಿದೊಡನೆ ಹತ್ತಿಯ ಬೆಲೆ ಇಳಿಯಿತು, ಷೇರುಗಳು ನೆಲಕಚ್ಚಿದವು, ಪ್ರೇಮಚಂದರೂ ಸರ್ವಸ್ವ ಕಳೆದುಕೊಂಡವರ ಸಾಲಿಗೆ ಸೇರಿದರು. ಕುಸಿತಕ್ಕೆ ಮುನ್ನ ಅವರು ಮುಂಬೈ ವಿಶ್ವವಿದ್ಯಾಲಯಕ್ಕೆ ಕೊಟ್ಟ ದಾನದಿಂದ ಎದ್ದ ಗಡಿಯಾರ ಗೋಪುರಕ್ಕೆ ತಾಯಿ ರಾಜಾಬಾಯಿಯ ಹೆಸರಿದೆ. ಕಣ್ಣು ಕಾಣದ ಆ ತಾಯಿ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಿಯಮ ಪಾಲಿಸಲು ಗಂಟೆಯ ಸದ್ದು ನೆರವಾಗುತ್ತಿತ್ತು ಎಂಬ ಪ್ರತೀತಿಯೂ ಇದೆ. ಷೇರುಗಳೆಲ್ಲ ಕಾಗದವಾದವು, ಗೋಪುರ ಇಂದಿಗೂ ಸಮಯ ಹೇಳುತ್ತಿದೆ.

ಕಂಪನಿಯೊಂದರ ಷೇರು ಕೊಳ್ಳುವುದು ಅದರ ದುಡಿಮೆಯಲ್ಲಿ ಪಾಲುಗಾರನಾಗುವುದು. ಆ ದುಡಿಮೆ ಹಿಂಸೆಯದಾಗಿರದಿದ್ದರೆ ಶ್ರಾವಕನಿಗೆ ಅದರಲ್ಲಿ ದೋಷ ಕಾಣದು. ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನ ಸಂಗತಿ ಬೇರೆ. ಅಪಾಯದಿಂದ ರಕ್ಷಣೆ ಪಡೆಯಲು ಹುಟ್ಟಿದ ಈ ಉಪಾಯ ಇಂದು ಬಹುಪಾಲು ವಾರದ ಪಣವಾಗಿದೆ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಇದರಲ್ಲಿ ತೊಡಗಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳ ಪೈಕಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದರು. ಸರಾಸರಿ ನಷ್ಟ ಸುಮಾರು 2 ಲಕ್ಷ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಅಧಿಕ. ಮೂವತ್ತು ವರ್ಷ ತುಂಬದವರ ಪಾಲು ಒಂದೇ ವರ್ಷದಲ್ಲಿ ಶೇ 31ರಿಂದ 43ಕ್ಕೆ ಏರಿತ್ತು. ಲಾಭ ಹೋದದ್ದು ಹೆಚ್ಚಾಗಿ ಗಣಕಸೂತ್ರಗಳಿಂದ ವಹಿವಾಟು ನಡೆಸುವ ದೊಡ್ಡ ಸಂಸ್ಥೆಗಳಿಗೆ. ಸೋತವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಸೋತ ಮೇಲೂ ಆಟ ಬಿಡಲಿಲ್ಲ. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲು ಎಣಿಸಿದ್ದು ಏಕೆಂದು ಈ ಒಂದು ಅಂಕಿಯೇ ಹೇಳೀತು. ನಂತರ ಸೆಬಿ ಕರಾರಿನ ಕನಿಷ್ಠ ಮೊತ್ತವನ್ನು 15 ಲಕ್ಷಕ್ಕೆ ಏರಿಸಿ, ವಾರದ ಕರಾರುಗಳನ್ನು ಪ್ರತಿ ವಿನಿಮಯ ಕೇಂದ್ರಕ್ಕೆ ಒಂದು ಸೂಚ್ಯಂಕಕ್ಕೆ ಸೀಮಿತಗೊಳಿಸಿತು. ಒಳ್ಳೆಯದೇ. ಆದರೆ ಬೆಳಿಗ್ಗೆ ಒಂಬತ್ತೂಕಾಲರಿಂದ ಮಧ್ಯಾಹ್ನ ಮೂರೂವರೆವರೆಗೆ ಅಂಗೈಯ ಪರದೆಯನ್ನು ಬಿಡದ ಮನಸ್ಸಿಗೆ ಯಾವ ಸುತ್ತೋಲೆ ತಲುಪೀತು? ಪ್ರಿಯವಾದದ್ದು ಅಗಲಿದಾಗ ಇಷ್ಟವಿಯೋಗ, ಬೇಡವಾದದ್ದು ಬಂದಾಗ ಅನಿಷ್ಟಸಂಯೋಗ, ಮುಂದೆ ಬರಲಿರುವುದರ ಹಂಬಲದಲ್ಲಿ ನಿದಾನ: ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಮೂರನ್ನು ಒಂದು ಮಧ್ಯಾಹ್ನದೊಳಗೆ ಅನುಭವಿಸಿದವನು ಸಂಜೆ ಸಾಮಾಯಿಕಕ್ಕೆ ಕುಳಿತರೂ ಏನು ಕುಳಿತಂತಾಯಿತು?

ಬ್ಯಾಂಕಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಕೇಳಿದ ಪ್ರಶ್ನೆ ಸೂಕ್ಷ್ಮವಾದದ್ದು. “ಮೇಷ್ಟ್ರೇ, ಪರಿಗ್ರಹ ಪರಿಮಾಣ ವ್ರತ ತೆಗೆದುಕೊಂಡಿದ್ದೇನೆ. ಹೊಲ, ಮನೆ, ಬೆಳ್ಳಿ, ಬಂಗಾರಕ್ಕೆ ಮಿತಿ ಹಾಕಿದ್ದಾಯಿತು. ಷೇರನ್ನು ಕೊಂಡ ಬೆಲೆಗೆ ಎಣಿಸಲೋ, ಇಂದಿನ ಬೆಲೆಗೋ? ಪೇಟೆ ಏರಿದ ದಿನ ನನ್ನ ವ್ರತ ಮುರಿಯಿತೇ?” ಪರಿಗ್ರಹವೆಂದರೆ ಮೂರ್ಛೆ, ವಸ್ತುವಿನ ಮೇಲಿನ ಮಮಕಾರ ಎಂಬುದು ಆಗಮದ ನಿಲುವು. ಬೆಲೆ ತಾನಾಗಿ ಏರಿದ್ದು ವಸ್ತುವಿನ ಪರ್ಯಾಯ. ಅದು ನಮ್ಮ ಕೃತ್ಯವಲ್ಲ. ಹಾಗೆಂದು ಕೊಂಡ ಬೆಲೆಯ ನೆಪದಲ್ಲಿ ಹತ್ತು ಪಟ್ಟು ಬೆಳೆದ ಸಂಪತ್ತನ್ನು ಮಿತಿಯೊಳಗೇ ಇದೆ ಎನ್ನುವುದು ಲೋಭದ ಜಾಣತನ. ನನ್ನ ತಿಳಿವಳಿಕೆಗೆ ತೋರಿದ ಉತ್ತರ ಇಷ್ಟು, ಬಲ್ಲ ಮುನಿಗಳು ತಿದ್ದಬಹುದು: ದಿನದಿನದ ಬೆಲೆಯನ್ನು ಎಣಿಸುವುದೇ ಬೇಡ, ಅದೇ ಮೂರ್ಛೆಗೆ ದಾರಿ. ವರ್ಷಕ್ಕೊಮ್ಮೆ, ದಶಲಕ್ಷಣ ಪರ್ವದ ಉತ್ತಮ ಆಕಿಂಚನ್ಯದ ದಿನ, ಅಂದಿನ ಬೆಲೆಗೆ ಲೆಕ್ಕ ಹಾಕಲಿ. ಮಿತಿ ಮೀರಿದ ಭಾಗದ ಷೇರುಗಳನ್ನು ಹಬ್ಬ ಮುಗಿದ ಮೇಲೆ ಮಾರಿ, ತೆರಿಗೆ ಕಟ್ಟಿ, ಉಳಿದುದನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಈ ಚತುರ್ವಿಧ ದಾನಗಳಲ್ಲಿ ಒಂದಕ್ಕೆ ಕೊಡಲಿ. ಬೆಲೆ ಮಿತಿಗಿಂತ ಕೆಳಗಿದ್ದ ವರ್ಷ, ಕೊರತೆ ತುಂಬಿಕೊಳ್ಳಲೆಂದು ಸಾಲ ಮಾಡಿ ಕೊಳ್ಳದಿರಲಿ. ಅವರು ಮಿತಿಯ ಮೊತ್ತವನ್ನು ಮಡದಿಯ ಎದುರು ಬರೆದಿಟ್ಟು ಇಬ್ಬರೂ ಸಹಿ ಹಾಕಿದ್ದಾರಂತೆ.