ಸತ್ತ ಅತಿಥಿಯ ಮೇಲೆ ಮೊಕದ್ದಮೆ ಹೂಡುವವರಿಗೆ

ರೆಸಾರ್ಟಿಗೆ ಹೋಗಿ ಸತ್ತವರನ್ನು ಜಾಲತಾಣದಲ್ಲಿ ಬೈಯಬೇಡಿ ಎಂದಾಗಲೆಲ್ಲ ಬರುವ ಉತ್ತರಗಳು ಹೆಚ್ಚುಕಡಿಮೆ ಒಂದೇ. ಈಜು ಬಾರದವರು ನೀರಿಗೆ ಇಳಿದದ್ದೇಕೆ? ಹೆತ್ತವರು ಕಳಿಸಿದ್ದೇಕೆ? ನಾವು ಬೈಯುತ್ತಿಲ್ಲ, ಎಚ್ಚರಿಸುತ್ತಿದ್ದೇವೆ. ವಿಡಿಯೊ ಹಂಚದಿದ್ದರೆ ಯಾರೂ ಏಳುವುದಿಲ್ಲ. ಇದರಲ್ಲಿ ಏನೋ ಮುಚ್ಚಿಟ್ಟಿದ್ದಾರೆ. ಹೀಗೆ ಹೇಳುವವರೆಲ್ಲ ಕಲ್ಲೆದೆಯವರು ಎಂದು ನಾನು ನಂಬಿಲ್ಲ. ಆದರೆ ಈ ಮಾತುಗಳೆಲ್ಲ ಸೇರಿ ಒಂದು ಕೆಲಸ ಮಾಡುತ್ತವೆ: ಉತ್ತರ ಹೇಳಬೇಕಾದವನನ್ನು ಬಿಟ್ಟು, ಉತ್ತರ ಹೇಳಲಾಗದವರನ್ನು ಕಟಕಟೆಗೆ ಹತ್ತಿಸುತ್ತವೆ. ಅದಕ್ಕೇ ಒಂದೊಂದಕ್ಕೂ ಉತ್ತರ ಕೊಡಬೇಕಾಗಿದೆ.

ನಮ್ಮ ಕಣ್ಣೆದುರಿನ ಪ್ರಕರಣವನ್ನೇ ತೆಗೆದುಕೊಳ್ಳೋಣ. 2024ರ ನವೆಂಬರ್ 17, ಭಾನುವಾರ. ಮಂಗಳೂರಿಗೆ ಹತ್ತಿರದ ಉಳ್ಳಾಲದ ಕಡಲತೀರದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನಿಂದ ಬಂದಿದ್ದ ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಮೂವರಿಗೂ ಈಜು ಬರುತ್ತಿರಲಿಲ್ಲ. ಒಬ್ಬಳು ಆಳದ ಕಡೆಗೆ ಸರಿದು ಮುಳುಗತೊಡಗಿದಳು, ಅವಳನ್ನು ಹಿಡಿಯಲು ಇನ್ನೊಬ್ಬಳು ಹೋದಳು, ಆ ಇಬ್ಬರನ್ನು ಉಳಿಸಲು ಮೂರನೆಯವಳು. ಕೊಳದ ಒಂದು ಬದಿ ಸುಮಾರು ಆರು ಅಡಿ ಆಳವಿತ್ತು. ಆಳ ಎಷ್ಟೆಂದು ಎಲ್ಲೂ ಬರೆದಿರಲಿಲ್ಲ, ಲೈಫ್‌ಗಾರ್ಡ್ ಇರಲಿಲ್ಲ ಎಂದು ಪೊಲೀಸರು ಹೇಳಿದರು. ಮಾಲೀಕ ಮತ್ತು ಮ್ಯಾನೇಜರ್ ಬಂಧನವಾಯಿತು, ರೆಸಾರ್ಟಿಗೆ ಬೀಗಮುದ್ರೆ ಬಿತ್ತು. ಇಷ್ಟೆಲ್ಲ ಹೊರಬರುವ ಹೊತ್ತಿಗೆ ಸಿಸಿಟಿವಿ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದು, ಆ ಹುಡುಗಿಯರನ್ನು ಕಂಡರಿಯದ ಸಾವಿರಾರು ಜನ ತೀರ್ಪು ಬರೆದು ಮುಗಿಸಿದ್ದರು.

ಈಜು ಬಾರದವರು ನೀರಿಗೇಕೆ ಇಳಿದರು ಎಂಬ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಎಲ್ಲರ ಬಾಯಲ್ಲೂ ಮೊದಲು ಬರುವುದು ಇದೇ, ಮೇಲುನೋಟಕ್ಕೆ ನ್ಯಾಯವಾಗಿ ಕಾಣುವುದೂ ಇದೇ.

ರೆಸಾರ್ಟಿನವರು ಕೊಳ ಕಟ್ಟಿಸುವುದೇ ಈಜು ಬಾರದವರಿಗಾಗಿ. ಈಜು ಬಲ್ಲವನಿಗೆ ನಾಲ್ಕು ಸಲ ಕೈ ಬೀಸಿದರೆ ಮುಗಿದುಹೋಗುವ ಕೊಳದಲ್ಲಿ ಏನು ಕೆಲಸ? ನೀರಿನಲ್ಲಿ ನಿಂತು ಹರಟುವವರು, ಮಕ್ಕಳನ್ನು ಆಡಿಸುವವರು, ಟ್ಯೂಬ್ ಹಿಡಿದು ತೇಲುವವರು, ಇವರೇ ಅಲ್ಲಿನ ಗಿರಾಕಿಗಳು. ಜಾಹೀರಾತಿನಲ್ಲಿ ನೀಲಿ ನೀರಿನ ಚಿತ್ರ ಹಾಕಿ, ಕೋಣೆ ಬಾಡಿಗೆಯಲ್ಲೇ ಅದರ ಬೆಲೆ ಸೇರಿಸಿ ಕರೆಯುವುದು ಇವರನ್ನೇ. ಕರೆದವನಿಗೆ ತನ್ನ ಅತಿಥಿಗಳಲ್ಲಿ ಬಹುಮಂದಿಗೆ ಈಜು ಬಾರದೆಂದು ಚೆನ್ನಾಗಿ ಗೊತ್ತು.

ಆಳ ಕಾಣಿಸಲಿಲ್ಲವೇ ಎನ್ನುತ್ತೀರಿ. ಕಾಣಿಸುವುದಿಲ್ಲ. ನೀರಿನಿಂದ ಹೊರಬರುವಾಗ ಬೆಳಕು ಬಾಗುತ್ತದೆ ಎಂಬುದು ಪ್ರೌಢಶಾಲೆಯ ಪಾಠ. ಅದರಿಂದಾಗಿ ಆರು ಅಡಿ ನೀರು ಮೇಲಿನಿಂದ ನೇರ ನೋಡಿದವರಿಗೆ ನಾಲ್ಕೂವರೆ ಅಡಿಯಷ್ಟೇ ಎನಿಸುತ್ತದೆ. ಐದು ಅಡಿ ಎತ್ತರದ ಹುಡುಗಿ ತನ್ನ ಗದ್ದದ ಮಟ್ಟ ಬರಬಹುದೆಂದು ಅಂದಾಜು ಮಾಡಿದ ಜಾಗದಲ್ಲಿ ನೀರು ಅವಳ ತಲೆಯ ಮೇಲೆ ಒಂದಡಿ ಇರುತ್ತದೆ. ಕೊಳದ ಅಂಚಿನಲ್ಲಿ ಆಳವನ್ನು ದೊಡ್ಡ ಅಂಕಿಯಲ್ಲಿ ಬರೆಯಬೇಕು, ಆಳ ಶುರುವಾಗುವಲ್ಲಿ ಹಗ್ಗ ಕಟ್ಟಬೇಕು ಎನ್ನುವುದು ಇದಕ್ಕೇ. ಕಣ್ಣು ನಂಬಿಕೆಗೆ ಅರ್ಹವಲ್ಲದ ಜಾಗ ಅದು. ಡಬ್ಬಿ ಬಣ್ಣ ಮತ್ತು ಅರ್ಧ ದಿನದ ಕೂಲಿಯಲ್ಲಿ ಆಗುವ ಕೆಲಸ ಆಗಿರಲಿಲ್ಲ. ಅದನ್ನು ಮಾಡಿಸಬೇಕಾದವರು ಆ ಹುಡುಗಿಯರಲ್ಲ.

ಕೂಗಿಕೊಳ್ಳಬಹುದಿತ್ತಲ್ಲ ಎಂದು ಬರೆದವರೂ ಇದ್ದಾರೆ. ನ್ಯೂಯಾರ್ಕಿನಲ್ಲಿ ಲೈಫ್‌ಗಾರ್ಡ್ ಆಗಿದ್ದ ಫ್ರಾಂಕ್ ಪಿಯಾ 1970ರ ದಶಕದಲ್ಲಿ, ಮುಳುಗುವವರು ನಿಜಕ್ಕೂ ಹೇಗೆ ಮುಳುಗುತ್ತಾರೆ ಎಂಬುದನ್ನು ಚಿತ್ರೀಕರಿಸಿ ವಿವರಿಸಿದರು. ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ ಕಿರುಚುವುದು ಅಲ್ಲಿ ಇಲ್ಲ. ಬಾಯಿ ನೀರಿನ ಮೇಲೆ ಬಂದ ಕ್ಷಣ ಉಸಿರು ಎಳೆದುಕೊಳ್ಳುವುದಕ್ಕೇ ಸಾಲದು, ಮಾತಿಗೆ ಎಲ್ಲಿಯ ಬಿಡುವು? ಕೈಗಳು ತಾವಾಗಿಯೇ ಅಕ್ಕಪಕ್ಕದ ನೀರನ್ನು ಒತ್ತುತ್ತವೆ, ಮೇಲಕ್ಕೆತ್ತಿ ಕರೆಯಲು ಬರುವುದಿಲ್ಲ. ಇದೆಲ್ಲ ನಡೆಯುವುದು 20ರಿಂದ 60 ಸೆಕೆಂಡಿನೊಳಗೆ, ಬಹುಪಾಲು ಸದ್ದಿಲ್ಲದೆ. ನೋಡುವವರಿಗೆ ಆಟವಾಡಿದಂತೆಯೇ ಕಾಣುತ್ತದೆ. ಲೈಫ್‌ಗಾರ್ಡ್ ಎಂಬ ಕೆಲಸ ಇರುವುದೇ ಈ ಒಂದು ನಿಮಿಷಕ್ಕಾಗಿ.

ಎರಡನೆಯವಳು ಮತ್ತು ಮೂರನೆಯವಳು ಬುದ್ಧಿಗೇಡಿಗಳೆಂಬ ಮಾತಂತೂ ನನಗೆ ತಡೆಯಲಾಗದ್ದು. ಮುಳುಗುವವರನ್ನು ಉಳಿಸಲು ಹೋಗಿ ತಾವೂ ಮುಳುಗುವುದು ನಮ್ಮ ಕೆರೆಕಟ್ಟೆಗಳಲ್ಲಿ, ಕೃಷಿಹೊಂಡಗಳಲ್ಲಿ ಪ್ರತಿ ಬೇಸಿಗೆಯಲ್ಲೂ ನಡೆಯುವ ದುರಂತ. ಮಗುವಿನ ಹಿಂದೆ ತಾಯಿ, ತಮ್ಮನ ಹಿಂದೆ ಅಣ್ಣ. ಇಳಿಯಬೇಡ, ಕೋಲು ಚಾಚು, ಹಗ್ಗ ಎಸೆ, ತೇಲುವುದೇನಾದರೂ ಒಗೆ ಎಂಬುದು ಕಲಿಸಿದರೆ ಮಾತ್ರ ಬರುವ ವಿದ್ಯೆ. ನಮ್ಮಲ್ಲಿ ಅದನ್ನು ಕಲಿಸುವ ಶಾಲೆ ಎಷ್ಟಿವೆ? ಗೆಳತಿ ಕಣ್ಣೆದುರೇ ಮುಳುಗುತ್ತಿದ್ದಾಗ ಆ ಇಬ್ಬರು ಮಾಡಿದ್ದು, ಬರೆಯುತ್ತ ಕೂತಿರುವ ನೀವೂ ನಾನೂ ಬಹುಶಃ ಮಾಡುತ್ತಿದ್ದದ್ದನ್ನೇ. ಅದನ್ನು ಹುಚ್ಚು ಎಂದು ಕರೆಯುವ ಅಧಿಕಾರ ಯಾರಿಗೂ ಇಲ್ಲ.

ಹಿರಿಯರಿಲ್ಲದೆ ಹುಡುಗಿಯರು ಹೋದದ್ದೇ ತಪ್ಪು, ಹೆತ್ತವರು ಬಿಟ್ಟದ್ದೇ ತಪ್ಪು ಎಂಬುದು ಮುಂದಿನ ಆಕ್ಷೇಪ. ಇದಕ್ಕೆ ಒಂದು ತಿಂಗಳೂ ಕಳೆಯುವ ಮೊದಲೇ ಉತ್ತರ ಸಿಕ್ಕಿತು, ಸಿಗಬಾರದಿತ್ತು. ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಕೊಚ್ಚಿಹೋದರು. ಅವರು ಶಾಲೆಯ ಪ್ರವಾಸಕ್ಕೆ ಬಂದವರು, ಜೊತೆಗೆ ಶಿಕ್ಷಕರಿದ್ದರು. ಹಿರಿಯರು ಪಕ್ಕದಲ್ಲಿದ್ದ ಮಾತ್ರಕ್ಕೆ ನೀರು ದಾರಿ ಬಿಡುವುದಿಲ್ಲ. ಇನ್ನು ಹೆತ್ತವರೇ ಮಾರುದೂರದಲ್ಲಿ ನಿಂತಿದ್ದರೆ? ಅಮೆರಿಕದ ಫ್ಲಾರಿಡಾದ ಡಿಸ್ನಿ ರೆಸಾರ್ಟಿನಲ್ಲಿ 2016ರ ಜೂನ್‌ನಲ್ಲಿ ಎರಡು ವರ್ಷದ ಮಗುವನ್ನು ಸರೋವರದ ಅಂಚಿನಿಂದ ಮೊಸಳೆ ಎಳೆದೊಯ್ದಿತು. ತಂದೆ ನೀರಿಗೆ ನುಗ್ಗಿ ಬಿಡಿಸಿಕೊಳ್ಳಲು ಹೆಣಗಿದರು. ಅಂದು ರಾತ್ರಿಯಿಂದಲೇ ಅಪರಿಚಿತರು ಆ ತಂದೆತಾಯಿಯನ್ನು ಹಳಿಯತೊಡಗಿದರು. ಅಲ್ಲಿದ್ದ ಫಲಕಗಳು ಈಜಬೇಡಿ ಎಂದಷ್ಟೇ ಹೇಳುತ್ತಿದ್ದವು, ಮೊಸಳೆಯ ಮಾತೇ ಇರಲಿಲ್ಲ. ಮೊಸಳೆ ಇದೆ ಎಂಬ ಫಲಕವೂ ಬೇಲಿಯೂ ಬಂದದ್ದು ಮಗು ಹೋದ ಮೇಲೆ. ಒಂಟಿಯಾಗಿ ಹೋದರೆ ಹಿರಿಯರಿರಲಿಲ್ಲ ಎನ್ನುತ್ತೀರಿ, ಹಿರಿಯರಿದ್ದರೆ ಅವರಿಗೆ ಕಣ್ಣಿರಲಿಲ್ಲವೇ ಎನ್ನುತ್ತೀರಿ. ಸತ್ತವರ ಕಡೆಯವರು ಗೆಲ್ಲುವ ದಾರಿಯನ್ನೇ ಈ ವಾದ ಇಟ್ಟಿಲ್ಲ. ಉಳ್ಳಾಲದ ಹುಡುಗಿಯರ ಉಡುಪು, ಗೆಳೆತನ, ರೀಲ್ಸ್ ಹುಚ್ಚು ಎಂದೆಲ್ಲ ಬರೆದವರಿಗೆ ಒಂದೇ ಮಾತು: ಮೊಬೈಲು ಹಿಡಿದು ನಲಿದವರು ಮೂವರೇ ಅಲ್ಲ, ಆ ಆರಡಿ ಆಳವನ್ನು ತೋಡಿದ್ದೂ ಅವರಲ್ಲ.

ನಾವು ಎಚ್ಚರಿಸುತ್ತಿದ್ದೇವೆ ಎನ್ನುವವರು ತಮ್ಮ ಮಾತನ್ನು ಮತ್ತೊಮ್ಮೆ ಓದಿಕೊಳ್ಳಲಿ. ಮಾಡಿದ್ದುಣ್ಣೋ ಮಹರಾಯ ಎಂಬ ಸಾಲಿನಲ್ಲಿ ಯಾರಿಗೆ ಯಾವ ಎಚ್ಚರಿಕೆ ಇದೆ? ಎಚ್ಚರಿಸುವವರು ಹೀಗೆ ಹೇಳುತ್ತಾರೆ: ಕೋಣೆ ಕಾದಿರಿಸುವ ಮೊದಲು ಫೋನ್ ಮಾಡಿ, ಕೊಳದ ಆಳ ಎಷ್ಟು, ಗುರುತು ಹಾಕಿದ್ದೀರಾ, ಬೆಳಿಗ್ಗೆ ಎಷ್ಟು ಗಂಟೆಯಿಂದ ಲೈಫ್‌ಗಾರ್ಡ್ ಇರುತ್ತಾರೆ ಎಂದು ಕೇಳಿ, ದಂಡೆಯ ಮೇಲೆ ರಿಂಗೂ ಉದ್ದ ಕೋಲೂ ಇಲ್ಲದಿದ್ದರೆ ಮಕ್ಕಳನ್ನು ಇಳಿಸಬೇಡಿ. 2021ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಶಾಲಾ ಮಕ್ಕಳಿಗೆ ಈಜಿನ ಮೊದಲ ಪಾಠಗಳನ್ನೂ ಅಪಾಯವಿಲ್ಲದೆ ಇನ್ನೊಬ್ಬರನ್ನು ಉಳಿಸುವುದನ್ನೂ ಕಲಿಸಿ ಎಂಬುದು ಆ ಸಂಸ್ಥೆಯ ಸಲಹೆ. ನಿಮ್ಮ ಊರಿನ ಶಾಲೆಯಲ್ಲಿ ಅದನ್ನು ಕೇಳಿ, ನಾನೂ ನಿಮ್ಮ ಜೊತೆ ನಿಲ್ಲುತ್ತೇನೆ.

ವಿಡಿಯೊ ಹಂಚಿದ್ದರಿಂದಲೇ ಆಡಳಿತ ಎಚ್ಚೆತ್ತಿತು ಎಂಬ ವಾದದಲ್ಲಿ ಸ್ವಲ್ಪ ಸತ್ಯವಿದೆ. ಜನ ಕೆರಳದಿದ್ದರೆ ಬೀಗಮುದ್ರೆ ಅಷ್ಟು ಬೇಗ ಬೀಳುತ್ತಿತ್ತೋ ಇಲ್ಲವೋ. ಆದರೆ ಕೆರಳಲು ಸುದ್ದಿ ಸಾಕಿತ್ತು. ದೃಶ್ಯ ಬೇಕಾಗಿದ್ದದ್ದು ಪೊಲೀಸರಿಗೆ. ಮೂವರು ಮಕ್ಕಳ ಕೊನೆಯ ನಿಮಿಷಗಳು ನಮ್ಮೆಲ್ಲರ ಮೊಬೈಲಿನಲ್ಲಿ ಇರಬೇಕಾದ ಅಗತ್ಯ ಯಾವ ತನಿಖೆಗೂ ಇರಲಿಲ್ಲ. ಆ ಮಕ್ಕಳ ಮನೆಯವರಿಗೆ ಅದನ್ನು ಯಾರೋ ಒಬ್ಬರು ಕಳಿಸಿಯೇ ಕಳಿಸುತ್ತಾರೆ, ನೋಡಿದ್ರಾ ಎಂದು ಕೇಳಿಯೇ ಕೇಳುತ್ತಾರೆ.

ಅದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಮನಶ್ಶಾಸ್ತ್ರಜ್ಞ ಮೆಲ್ವಿನ್ ಲರ್ನರ್ ತಮ್ಮ ಸಹೋದ್ಯೋಗಿಯೊಬ್ಬರ ಜೊತೆ 1966ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿನಿಯರ ಎದುರು ಒಬ್ಬ ಯುವತಿ ವಿದ್ಯುತ್ ಆಘಾತದಿಂದ ನರಳುವಂತೆ ತೋರಿಸಲಾಯಿತು. ನರಳಾಟ ನಟನೆ, ಆದರೆ ನೋಡುವವರಿಗೆ ಅದು ಗೊತ್ತಿರಲಿಲ್ಲ. ಅವಳ ನೋವು ನಿಲ್ಲಿಸುವ ಅವಕಾಶ ಸಿಕ್ಕವರು ಅವಳನ್ನು ಕೀಳಾಗಿ ಕಾಣಲಿಲ್ಲ. ಏನೂ ಮಾಡಲಾಗದೆ ನೋಡುತ್ತಲೇ ಕೂರಬೇಕಾದವರು ಅವಳಲ್ಲೇ ಕುಂದು ಹುಡುಕಿದರು. ಲೋಕ ನ್ಯಾಯವಾಗಿ ನಡೆಯುತ್ತದೆ ಎಂಬ ನಂಬಿಕೆ ಉಳಿಯಬೇಕಾದರೆ ನೊಂದವಳು ಅದಕ್ಕೆ ತಕ್ಕವಳಾಗಿರಲೇಬೇಕು. ಮುಗಿದುಹೋದ ಸಾವಿನ ದೃಶ್ಯವನ್ನು ಮೊಬೈಲಿನಲ್ಲಿ ನೋಡುವವನ ಸ್ಥಿತಿ ಇದೇ ಅಲ್ಲವೇ? ಕೈಚಾಚಲು ಬರುವುದಿಲ್ಲ, ಕಣ್ಣು ತೆಗೆಯಲೂ ಆಗುವುದಿಲ್ಲ. ಆ ಸಂಕಟದಿಂದ ಪಾರಾಗಲು ಬೆರಳು ಬೈಗುಳ ಬರೆಯುತ್ತದೆ. ನನ್ನ ಮಗಳಿಗೆ ಹೀಗಾಗುವುದಿಲ್ಲ, ಏಕೆಂದರೆ ನಾನು ಆ ಹೆತ್ತವರಂತಲ್ಲ ಎಂಬ ಸಮಾಧಾನ ಸಿಗುತ್ತದೆ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ನನಗೂ ಅದೇ ಭಯವಿದೆ. ಆದರೆ ಅದಕ್ಕೆ ಮದ್ದು ಬೇರೊಬ್ಬರ ಮಗಳ ಹೆಣದ ಮೇಲೆ ಬೆಳೆಯುವುದಿಲ್ಲ.

ಏನೋ ಮುಚ್ಚಿಟ್ಟಿದ್ದಾರೆ ಎನ್ನುವವರು ತಮ್ಮನ್ನು ಸತ್ಯಶೋಧಕರು ಎಂದುಕೊಂಡಿದ್ದಾರೆ. 2019ರಲ್ಲಿ ಡೊಮಿನಿಕನ್ ಗಣರಾಜ್ಯದ ರೆಸಾರ್ಟುಗಳಲ್ಲಿ ಕೆಲವು ಅಮೆರಿಕನ್ ಪ್ರವಾಸಿಗರು ಸತ್ತಾಗ, ಕೋಣೆಯ ಫ್ರಿಜ್ಜಿನಲ್ಲಿಟ್ಟ ಮದ್ಯದಲ್ಲೇ ವಿಷವಿತ್ತು ಎಂಬ ಮಾತು ಜಗತ್ತು ಸುತ್ತಿತು. ಅಕ್ಟೋಬರ್‌ನಲ್ಲಿ ಎಫ್‌ಬಿಐ ಪರೀಕ್ಷೆಯ ಫಲ ಬಂತು: ಹೆಚ್ಚು ಸದ್ದು ಮಾಡಿದ್ದ ಮೂರು ಸಾವುಗಳು ಸಹಜ ಕಾರಣದವು ಎಂಬುದಕ್ಕೇ ಅದು ಹೊಂದುತ್ತಿತ್ತು. ವಿಷದ ಕಥೆ ಓಡಿದಷ್ಟು ದೂರ ಈ ಫಲಿತಾಂಶ ಓಡಲಿಲ್ಲ.

ಸಾವು ಸುದ್ದಿಯಾದ ಮೇಲೆ ಅಭಿಪ್ರಾಯ ಹೇಳುವುದು ನಮ್ಮ ಹಕ್ಕು ಎನ್ನುತ್ತೀರಿ. ಹಕ್ಕು ಇದೆ, ಯಾರೂ ಕಿತ್ತುಕೊಳ್ಳುತ್ತಿಲ್ಲ. ಆದರೆ ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇವೆ ಎಂದು ಸಹ ಹೇಳದ ಜನ ನಾವು. ಮತ್ತೆ ಬರುವ ಹಾಗಾಗದಿರಲಿ ಎಂದು ಅಷ್ಟು ಸಣ್ಣ ಮಾತನ್ನೂ ನುಂಗಿಕೊಳ್ಳುತ್ತೇವೆ. ಜಗಳವಾಡಿ ಮಾತು ಬಿಟ್ಟ ದಾಯಾದಿ ಕೂಡ ಆ ಅಂಗಳದಲ್ಲಿ ತಲೆ ತಗ್ಗಿಸಿ ಕೂರುತ್ತಾನೆ. ಆ ಸಂಯಮವನ್ನು ಯಾವ ಕಾನೂನೂ ಹೇಳಿಕೊಡಲಿಲ್ಲ. ಅದು ಗುರುತಿನವರ ಮನೆಗೆ ಮಾತ್ರ, ಗುರುತಿಲ್ಲದವರ ಮನೆಗೆ ಬೇಡ ಎಂದು ತೀರ್ಮಾನಿಸಿದವರು ಯಾರು?

ಕೊನೆಗೆ, ಎಲ್ಲ ನೋಡಿಕೊಂಡು ಹೋಗಬೇಕಾದದ್ದು ಅತಿಥಿಯ ಜವಾಬ್ದಾರಿ, ರೆಸಾರ್ಟಿನವರು ಏನು ಮಾಡಲು ಸಾಧ್ಯ ಎನ್ನುವವರು. ವಯನಾಡಿನ ಮೇಪ್ಪಾಡಿಯ ಬಳಿ 2021ರ ಜನವರಿಯಲ್ಲಿ ರೆಸಾರ್ಟಿನ ಟೆಂಟಿನಲ್ಲಿ ತಂಗಿದ್ದ ಯುವ ಶಿಕ್ಷಕಿಯೊಬ್ಬರನ್ನು ಆನೆ ಕೊಂದಿತು. ಅಲ್ಲಿ ಟೆಂಟು ಹಾಕಲು ಪರವಾನಗಿಯೇ ಇರಲಿಲ್ಲ ಎಂಬುದು ಹೊರಬಿದ್ದದ್ದು ಆಮೇಲೆ. ರಾತ್ರಿ ತಂಗಲು ಬಂದವರು ಪಂಚಾಯಿತಿ ಕಚೇರಿಗೆ ಹೋಗಿ ಕಡತ ತೆರೆಸಬೇಕಿತ್ತೇ? ಹಣ ಪಡೆದು ಕರೆದವನ ಹೊಣೆ ಕಾನೂನಿನಲ್ಲೂ ಸ್ಪಷ್ಟವಿದೆ. ನಿರ್ಲಕ್ಷ್ಯದಿಂದ ಸಾವು ತಂದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಶಿಕ್ಷೆಯಿದೆ. ಸತ್ತವರೂ ಎಚ್ಚರ ತಪ್ಪಿದ್ದರು ಎಂದ ಮಾತ್ರಕ್ಕೆ ಆ ಅಪರಾಧ ಅಳಿಯುವುದಿಲ್ಲ.

ಇದೆಲ್ಲ ನಾಲ್ಕು ದಿನದ ಮಾತು, ಮರೆತುಹೋಗುತ್ತದೆ ಬಿಡಿ ಎಂದೂ ಕೆಲವರು ಹೇಳುತ್ತಾರೆ. ನಿಮಗೆ ನಾಲ್ಕು ದಿನ. 1972ರಲ್ಲಿ ದೆಹಲಿಯ ಐಷಾರಾಮಿ ಹೊಟೇಲೊಂದರ ಈಜುಕೊಳಕ್ಕೆ ಧುಮುಕಿದ ಜರ್ಮನ್ ವಿಮಾನದ ಸಹಪೈಲಟ್ ಒಬ್ಬರ ತಲೆ ತಳಕ್ಕೆ ಬಡಿದು ಕೈಕಾಲು ಸ್ವಾಧೀನ ತಪ್ಪಿದವು. ಅವರು 1975ರಲ್ಲಿ ದಾವೆ ಹೂಡಿ, 1985ರಲ್ಲಿ ತೀರಿಕೊಂಡರು. ದುಬಾರಿ ಬೆಲೆ ಪಡೆಯುವ ಹೊಟೇಲಿಗೆ ಅಷ್ಟೇ ಹೆಚ್ಚಿನ ಎಚ್ಚರಿಕೆಯ ಹೊಣೆಯೂ ಇರುತ್ತದೆ ಎಂದು ಹೇಳಿ ದೆಹಲಿ ಹೈಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 1997ರಲ್ಲಿ. ಮೇಲ್ಮನವಿಯಲ್ಲಿ ಅದೂ ನಿಲ್ಲಲಿಲ್ಲ. ದಾವೆ ಹೂಡಿದವರು ಸತ್ತ ಮೇಲೆ ಅಂಥ ದಾವೆಯೂ ಉಳಿಯುವುದಿಲ್ಲ ಎಂದಾಯಿತು. ರೆಸಾರ್ಟಿನಲ್ಲಿ ಮಗಳನ್ನು ಕಳೆದುಕೊಂಡವರ ಮುಂದೆ ಇಷ್ಟು ಉದ್ದದ ದಾರಿ ಬಿದ್ದಿರಬಹುದು. ವಕೀಲರ ಕಚೇರಿಯ ಮೆಟ್ಟಿಲು ಹತ್ತುವ ದಿನವೂ ಆ ತಾಯಿಗೆ ನೆರೆಹೊರೆಯವರು, ನಂಟರು ಕೇಳುವುದು ನೀವು ಬರೆದು ಊರಿಗೆಲ್ಲ ಹರಡಿದ ಪ್ರಶ್ನೆಯನ್ನೇ: ಯಾಕಮ್ಮ ಕಳಿಸಿದೆ? ಆ ಪ್ರಶ್ನೆಗೆ ಹೆದರಿಯೇ ಯಾರಾದರೂ ದೂರು ಹಿಂದಕ್ಕೆ ಪಡೆದರೆ, ಕೈಗೆ ಸಿಕ್ಕಷ್ಟು ಹಣಕ್ಕೆ ಒಪ್ಪಿ ಸಹಿ ಹಾಕಿದರೆ ಅಚ್ಚರಿಯಿಲ್ಲ.